ರಾತ್ರಿ ಕಾವಲಿಗೆ ಕತ್ತಲ ಕಣ್ಣು: ಬಿಂಬವರ್ಧಕ ಕೊಳವೆಯನ್ನು ಆರಿಸುವ ಬಗೆ

ಬೆಳೆ ಬೆಳೆಯುವುದು ಅರ್ಧ ಬೇಸಾಯ. ಬೆಳೆದದ್ದನ್ನು ಕಾದು ಕಣಕ್ಕೆ ತರುವುದು ಉಳಿದರ್ಧ. ಕೋಲಾರ ಜಿಲ್ಲೆಯ ರೈತ ಬಾಂಧವರಿಗೆ ಈ ಮಾತನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಾಲೂರು ತಾಲ್ಲೂಕಿನ ಗಡಿ ಹಳ್ಳಿಗಳಿಗೆ ರಾಗಿ ತೆನೆ ಬಲಿಯುವ ಕಾಲದಲ್ಲಿ ತಮಿಳುನಾಡಿನ ಹೊಸೂರು ಕಡೆಯ ಕಾಡಿನಿಂದ ಆನೆಗಳು ಬರುತ್ತವೆ. ಮುಳಬಾಗಿಲಿನ ಗಡಿಯಾಚೆ, ಚಿತ್ತೂರು ಜಿಲ್ಲೆಯಲ್ಲಿ ಕೌಂಡಿನ್ಯ ಅಭಯಾರಣ್ಯವಿದೆ. 1980ರ ದಶಕದಲ್ಲಿ ಆ ಕಾಡಿಗೆ ಬಂದು ಸೇರಿದ ಆನೆಗಳು ಅಲ್ಲಿಯೇ ನೆಲೆ ನಿಂತಿವೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಹಣ್ಣಿನ ಕಾಲಕ್ಕೆ ಕಳ್ಳರ ಭಯ, ಕಡಲೆಕಾಯಿ ಹೊಲಗಳಲ್ಲಿ ಕಾಡುಹಂದಿಯ ಕಾಟ. ಇನ್ನು ಕೋಲಾರದ ಟೊಮ್ಯಾಟೊ ಬೆಳೆಗಾರರಂತೂ 2023ರ ಜುಲೈ ತಿಂಗಳಲ್ಲಿ ಬೆಲೆ ಗಗನಕ್ಕೇರಿದಾಗ ಹಣ್ಣಿನ ಜೊತೆಗೆ ನಿದ್ದೆಯನ್ನೂ ಕಾಯಬೇಕಾಯಿತು. ಇದರ ಮೇಲೆ ಪಂಪ್‌ಸೆಟ್ಟಿಗೆ ವಿದ್ಯುತ್ತು ರಾತ್ರಿ ಪಾಳಿಯಲ್ಲಿ ಬಂದರೆ ನೀರು ಕಟ್ಟಲು ಕತ್ತಲಲ್ಲೇ ಹೊಲಕ್ಕೆ ಹೋಗಬೇಕು.

ಇತ್ತೀಚೆಗೆ ಮೊಬೈಲಿನಲ್ಲಿ “ಕಗ್ಗತ್ತಲಲ್ಲೂ ಹಗಲಿನಂತೆ ನೋಡಿ” ಎಂಬ ಜಾಹೀರಾತುಗಳು ಹೆಚ್ಚಾಗಿವೆ. ಎರಡು ಸಾವಿರ ರೂಪಾಯಿಯಿಂದ ಹಿಡಿದು ಹಲವು ಲಕ್ಷದವರೆಗೆ ಬೆಲೆ ಹೇಳುತ್ತಾರೆ. ಇವುಗಳಲ್ಲಿ ಯಾವುದು ನಿಜವಾದ ರಾತ್ರಿ ದರ್ಶಕ, ಯಾವುದು ಬರಿಯ ಆಟಿಕೆ? ಅದರೊಳಗಿನ ಮುಖ್ಯ ಅಂಗವಾದ ಇಮೇಜ್ ಇಂಟೆನ್ಸಿಫೈಯರ್ ಟ್ಯೂಬ್, ಅಂದರೆ ಬಿಂಬವರ್ಧಕ ಕೊಳವೆಯ ಗುಣವನ್ನು ತಿಳಿಯುವುದು ಹೇಗೆ? ನಿಮಗೆ ಅದು ಬೇಕೇ, ಅಥವಾ ಬೇರೊಂದು ಸಾಧನ ಸಾಕೇ? ಹಣ ಕೊಡುವ ಮುನ್ನ ಇವಿಷ್ಟನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ನಿಮ್ಮ ಕಣ್ಣನ್ನು ಬಳಸಿ

ಪ್ರಕೃತಿ ಕೊಟ್ಟ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮನೆಯ ದೀಪದ ಬೆಳಕಿನಿಂದ ನೇರವಾಗಿ ಹೊಲಕ್ಕೆ ಇಳಿದವನಿಗೆ ಏನೂ ಕಾಣದು. ಅರ್ಧ ಗಂಟೆ ಅಟ್ಟಣೆಯ ಮೇಲೆ ಸುಮ್ಮನೆ ಕುಳಿತವನಿಗೆ ಬದು, ಮರ, ಬಣವೆ ಎಲ್ಲವೂ ಮಸುಕಾಗಿ ಗೋಚರಿಸುತ್ತವೆ. ಈ ನಡುವೆ ಒಂದು ಸಲ ಮೊಬೈಲ್ ತೆರೆದು ನೋಡಿದರೆ ಗಳಿಸಿದ್ದೆಲ್ಲ ಹೋಯಿತು, ಮತ್ತೆ ಮೊದಲಿನಿಂದ ಕಾಯಬೇಕು. ಆದ್ದರಿಂದ ಕಾವಲಿನಲ್ಲಿ ಮಂದವಾದ ಕೆಂಪು ಬೆಳಕಿನ ಟಾರ್ಚನ್ನು ಬಳಸುವುದು ಮೇಲು. ಕೆಂಪು ಬೆಳಕು ಕಣ್ಣಿನ ಈ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಕತ್ತಲಲ್ಲಿ ಒಂದು ವಸ್ತುವನ್ನು ನೇರವಾಗಿ ದಿಟ್ಟಿಸುವುದಕ್ಕಿಂತ ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟರೆ ಅದು ಹೆಚ್ಚು ಚೆನ್ನಾಗಿ ಕಾಣುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಆದರೆ ಕಣ್ಣಿಗೂ ಒಂದು ಮಿತಿಯಿದೆ. ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹುಣ್ಣಿಮೆಯ ಬೆಳದಿಂಗಳು 0.1ರಿಂದ 0.3 ಲಕ್ಸ್. ಚಂದ್ರನಿಲ್ಲದ ತಿಳಿಯಾದ ರಾತ್ರಿಯಲ್ಲಿ ನಕ್ಷತ್ರಗಳ ಬೆಳಕು ಸುಮಾರು 0.001 ಲಕ್ಸ್ ಮಾತ್ರ. ಮೋಡ ಮುಚ್ಚಿದರೆ ಇನ್ನೂ ಕಡಿಮೆ. ಅಂದರೆ ಹುಣ್ಣಿಮೆಗೂ ಅಮಾವಾಸ್ಯೆಗೂ ನೂರಾರು ಪಟ್ಟು ಅಂತರ. ಬಿಂಬವರ್ಧಕ ಕೊಳವೆಯ ಕೆಲಸವಿರುವುದು ಈ ಅಂತರದಲ್ಲಿ.

ಕೊಳವೆಯೊಳಗೆ ನಡೆಯುವುದೇನು?

ಒಂದು ರಾಗಿ ಕಾಳು ಬಿತ್ತಿದರೆ ಅದು ತೆಂಡೆಯೊಡೆದು ಹಲವು ತೆನೆ, ತೆನೆಗೆ ನೂರಾರು ಕಾಳು ಕೊಡುತ್ತದಲ್ಲವೇ? ಕೊಳವೆಯಲ್ಲಿ ನಡೆಯುವುದೂ ಇಂಥದೇ ಬೆಳೆ. ಮುಂದಿನ ಮಸೂರವು ಹೊರಗಿನ ಅಲ್ಪ ಬೆಳಕನ್ನು ಕೂಡಿಸಿ ಫೋಟೊಕ್ಯಾಥೋಡ್ ಎಂಬ ತೆಳುವಾದ ಲೇಪದ ಮೇಲೆ ಬೀಳಿಸುತ್ತದೆ. ಬೆಳಕು ಬಿದ್ದ ಕಡೆ ಆ ಲೇಪದಿಂದ ಎಲೆಕ್ಟ್ರಾನು ಕಣಗಳು ಹೊರಬೀಳುತ್ತವೆ. ಬೆಳಕಿನ ಈ ಗುಣವನ್ನು 1905ರಲ್ಲಿ ವಿವರಿಸಿದವರು ಐನ್‌ಸ್ಟೈನ್. ಅವರಿಗೆ 1921ರ ನೊಬೆಲ್ ಬಹುಮಾನ ಬಂದದ್ದೂ ಮುಖ್ಯವಾಗಿ ಇದಕ್ಕಾಗಿಯೇ.

ಹೊರಬಿದ್ದ ಎಲೆಕ್ಟ್ರಾನುಗಳನ್ನು ಅಧಿಕ ವೋಲ್ಟೇಜು ಮುಂದಕ್ಕೆ ಎಳೆಯುತ್ತದೆ. ಅಲ್ಲಿ ಮೈಕ್ರೊಚಾನೆಲ್ ಪ್ಲೇಟ್ ಎಂಬ ಗಾಜಿನ ಬಿಲ್ಲೆಯಿದೆ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಆ ಬಿಲ್ಲೆಯಲ್ಲಿ ಲಕ್ಷಾಂತರ ಸೂಕ್ಷ್ಮ ರಂಧ್ರಗಳು. ಒಂದೊಂದರ ಅಗಲ ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು, ಅಥವಾ ಇನ್ನೂ ಕಿರಿದು. ರಂಧ್ರದೊಳಗೆ ಹೊಕ್ಕ ಎಲೆಕ್ಟ್ರಾನು ಗೋಡೆಗೆ ಬಡಿದಾಗ ಹೊಸ ಎಲೆಕ್ಟ್ರಾನುಗಳು ಹುಟ್ಟುತ್ತವೆ. ಅವು ಮತ್ತೆ ಬಡಿದು ಇನ್ನಷ್ಟು ಹುಟ್ಟಿಸುತ್ತವೆ. ಹೀಗೆ ಒಂದು ಸಾವಿರವಾಗಿ ಹೊರಬಂದು ಹಿಂದಿನ ಪರದೆಗೆ ಬಡಿದು ಹಸಿರು ಅಥವಾ ಬಿಳಿ ಬೆಳಕಾಗಿ ಬೆಳಗುತ್ತವೆ. ನೀವು ಕಣ್ಣಿಟ್ಟು ನೋಡುವುದು ಆ ಪರದೆಯನ್ನು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬೀಜವೇ ಇಲ್ಲದೆ ಬೆಳೆ ಬಾರದು; ಬೆಳಕೇ ಇಲ್ಲದೆ ಕೊಳವೆ ಏನನ್ನೂ ತೋರಿಸದು. ಮುಚ್ಚಿದ ಕೋಣೆಯಲ್ಲಿ, ದಟ್ಟ ಮೋಡದ ರಾತ್ರಿಯಲ್ಲಿ, ನೀಲಗಿರಿ ತೋಪಿನ ಒಳಗೆ ಕೊಳವೆಯ ಬಲ ಕುಗ್ಗುತ್ತದೆ. ಆಗ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನ ದೀಪವನ್ನು ಜೊತೆಗೆ ಹಚ್ಚಬೇಕಾಗುತ್ತದೆ.

ಕೋಲಾರದವರಿಗೆ ಇದೇ ತತ್ತ್ವದ ಇನ್ನೊಂದು ಸಾಧನ ಹತ್ತಿರದ್ದು. 1965ರಲ್ಲಿ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆಗೂಡಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಗುರುತು ಹಿಡಿದರು. ಅಲ್ಲಿಯ ಉಪಕರಣಗಳಲ್ಲಿ ಅತಿ ಕ್ಷೀಣವಾದ ಮಿಂಚನ್ನು ವಿದ್ಯುತ್ತಾಗಿ ವರ್ಧಿಸಿದ್ದು ಫೋಟೊಮಲ್ಟಿಪ್ಲಯರ್ ಕೊಳವೆಗಳು. ಅದು ಬೆಳಕಿನ ಎಣಿಕೆಯನ್ನಷ್ಟೇ ಹೇಳುತ್ತದೆ. ಬಿಂಬವರ್ಧಕವು ಚಿತ್ರವನ್ನೂ ಕೊಡುತ್ತದೆ. ಎರಡೂ ಒಂದೇ ವಂಶದವು.

ಕೊಳವೆಗಳ ತಲೆಮಾರು

ಮಾರುವವರು “ಜೆನ್ ಒನ್, ಜೆನ್ ಟೂ, ಜೆನ್ ತ್ರೀ” ಎಂದು ಹೇಳುವುದನ್ನು ಕೇಳಿರುತ್ತೀರಿ. ತಳಿಗಳಿರುವಂತೆ ಕೊಳವೆಗಳಿಗೂ ತಲೆಮಾರುಗಳಿವೆ.

ಎರಡನೆಯ ಮಹಾಯುದ್ಧದ ಕಾಲದ ಕೊಳವೆಗಳು ತಾವಾಗಿ ನೋಡಲಾರದವು. ಅತಿಗೆಂಪು ದೀಪ ಜೊತೆಗಿರಲೇಬೇಕಿತ್ತು. 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧದ ಹೊತ್ತಿಗೆ ಮೊದಲ ತಲೆಮಾರು ಬಂತು. ಮೂರು ಕೊಳವೆಗಳನ್ನು ಒಂದರ ಹಿಂದೆ ಒಂದು ಜೋಡಿಸಿ ನಕ್ಷತ್ರದ ಬೆಳಕಿನಲ್ಲಿ ನೋಡುವಂತೆ ಮಾಡಿದರು. ಇಂದು ಅಗ್ಗವಾಗಿ ಸಿಗುವ ಮೊದಲ ತಲೆಮಾರಿನ ದರ್ಶಕಗಳಲ್ಲಿ ಸಾಮಾನ್ಯವಾಗಿ ಒಂದೇ ಕೊಳವೆಯಿರುವುದರಿಂದ ಅವುಗಳಿಗೆ ದೀಪದ ಸಹಾಯ ಬೇಕೇ ಬೇಕು. ಚಿತ್ರ ನಡುವೆ ಚೆನ್ನಾಗಿದ್ದು ಅಂಚಿನಲ್ಲಿ ಬಾಗಿ ಮಸುಕಾಗುತ್ತದೆ.

1970ರ ದಶಕದ ಎರಡನೆಯ ತಲೆಮಾರಿನಲ್ಲಿ ಮೈಕ್ರೊಚಾನೆಲ್ ಪ್ಲೇಟ್ ಸೇರಿತು. ಇದರ ಲೇಪದಲ್ಲಿ ಸೋಡಿಯಂ, ಸೀಸಿಯಂ, ಆಂಟಿಮನಿಗಳ ಜೊತೆಗೆ ನಿಮಗೆ ಪೊಟ್ಯಾಷ್ ಗೊಬ್ಬರದಿಂದ ಪರಿಚಿತವಾದ ಪೊಟ್ಯಾಸಿಯಂ ಸಹ ಇದೆ. ಮೂರನೆಯ ತಲೆಮಾರಿನಲ್ಲಿ ಗ್ಯಾಲಿಯಂ ಆರ್ಸೆನೈಡ್ ಲೇಪ ಬಂತು. ಇದು ಅತಿಗೆಂಪಿಗೆ ಹತ್ತಿರದ ಬೆಳಕನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ನಕ್ಷತ್ರಗಳ ಬೆಳಕಿನಲ್ಲಿ ಆ ಭಾಗವೇ ಹೆಚ್ಚು.

ಹಾಗೆಂದು ಮೂರನೆಯದು ಯಾವಾಗಲೂ ಎರಡನೆಯದಕ್ಕಿಂತ ಮೇಲು ಎಂದು ತಿಳಿಯಬಾರದು. ಈಚಿನ ಸುಧಾರಿತ ಎರಡನೆಯ ತಲೆಮಾರಿನ ಕೊಳವೆ, ಹಳೆಯ ಮೂರನೆಯ ತಲೆಮಾರಿನದಕ್ಕಿಂತ ಚೆನ್ನಾಗಿರಬಹುದು. ತಳಿಯ ಹೆಸರು ನೋಡಿ ಬೀಜ ಕೊಳ್ಳುವಂತೆ ಇಲ್ಲಿ ಮಾಡಲಾಗದು. ಚೀಟಿಯ ಮೇಲಿನ ಅಳತೆಯನ್ನೇ ನೋಡಬೇಕು.

ನಮ್ಮ ದೇಶದಲ್ಲಿ ಈ ಕೆಲಸ ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೊಡನೆ ಬೆಳೆದು ಬಂದಿದೆ. ಸಂಸ್ಥೆಯು 1979ರಲ್ಲಿ ಪುಣೆಯಲ್ಲಿ ಇಮೇಜ್ ಕನ್ವರ್ಟರ್ ಕೊಳವೆಗಳ ತಯಾರಿಕೆಗೆ ಘಟಕ ಸ್ಥಾಪಿಸಿತು. 1990ರಲ್ಲಿ ಹಾಲೆಂಡಿನ ಡೆಲ್ಫ್ಟ್ ಸಂಸ್ಥೆಯ ಸಹಯೋಗದಲ್ಲಿ ಪುಣೆಯಲ್ಲೇ ಬಿಂಬವರ್ಧಕ ಕೊಳವೆಗಳಿಗಾಗಿ ಪ್ರತ್ಯೇಕ ಕಂಪನಿ ಹುಟ್ಟಿತು. ಇವುಗಳ ಮುಖ್ಯ ಗಿರಾಕಿ ಸೈನ್ಯ. ಆದ್ದರಿಂದಲೇ ಒಳ್ಳೆಯ ಕೊಳವೆ ಸಂತೆಯಲ್ಲಿ ಸಿಗುವ ವಸ್ತುವಲ್ಲ; ಸಿಗುತ್ತದೆ ಎಂದು ಯಾರಾದರೂ ಅಗ್ಗದ ಬೆಲೆಗೆ ಹೇಳಿದರೆ ಸಂಶಯಪಡುವುದೇ ಲೇಸು.

ಯಾವ ಕೆಲಸಕ್ಕೆ ಯಾವ ಸಾಧನ?

ಮಾರುಕಟ್ಟೆಯಲ್ಲಿ “ನೈಟ್ ವಿಷನ್” ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಾಧನಗಳು ಮಾರಾಟವಾಗುತ್ತವೆ. ಮೊದಲು ಇವನ್ನು ಬೇರ್ಪಡಿಸಿ ತಿಳಿಯಿರಿ.

ಮೊದಲನೆಯದು ಡಿಜಿಟಲ್ ದರ್ಶಕ. ಇದರಲ್ಲಿ ಕೊಳವೆಯಿಲ್ಲ, ಮೊಬೈಲಿನಲ್ಲಿರುವಂಥ ಕ್ಯಾಮೆರಾ ಮತ್ತು ಅತಿಗೆಂಪು ದೀಪ ಇವೆ. ಸಿ.ಸಿ. ಕ್ಯಾಮೆರಾ ಮತ್ತು ಕಾಡಿನಲ್ಲಿ ಕಟ್ಟುವ ಕ್ಯಾಮೆರಾಗಳೂ ಇದೇ ಜಾತಿ. ದೀಪದ ಬೆಳಕು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಮಾತ್ರ ನೋಟ. ದೀಪಗಳಲ್ಲಿ 850 ನ್ಯಾನೊಮೀಟರಿನದು ದೂರ ಹೋಗುತ್ತದೆ, ಆದರೆ ಹತ್ತಿರದಿಂದ ನೋಡಿದವರಿಗೆ ಕೆಂಪು ಚುಕ್ಕೆಯಾಗಿ ಕಾಣುತ್ತದೆ. 940ರದು ಕಾಣುವುದಿಲ್ಲ, ಆದರೆ ದೂರ ಕಡಿಮೆ. ಚಿತ್ರವನ್ನು ದಿನಾಂಕ ಸಹಿತ ದಾಖಲಿಸುವುದು ಇದರ ದೊಡ್ಡ ಗುಣ. ಟೊಮ್ಯಾಟೊ ತೋಟ, ಪಂಪಿನ ಮನೆ, ಮಾವಿನ ತೋಪಿನ ಗೇಟು—ಇಂಥ ಒಂದು ಕಡೆ ನಿಂತು ಕಾಯಬೇಕಾದ ಕೆಲಸಕ್ಕೆ ಇದೇ ಸಾಕು. ಕಳವಾದಾಗ ಪೊಲೀಸರಿಗೆ, ಬೆಳೆ ಹಾನಿಯಾದಾಗ ಅರಣ್ಯ ಇಲಾಖೆಗೆ ತೋರಿಸಲು ಸಾಕ್ಷಿಯೂ ಆಗುತ್ತದೆ.

ಎರಡನೆಯದು ಥರ್ಮಲ್ ದರ್ಶಕ. ಇದು ಬೆಳಕನ್ನಲ್ಲ, ಮೈಯ ಶಾಖವನ್ನು ನೋಡುತ್ತದೆ. ಬೆಳಕು ಸ್ವಲ್ಪವೂ ಬೇಡ. ತೆಳು ಮಂಜಿನಲ್ಲಿ, ಪೊದೆಯ ಸಂದಿನಲ್ಲಿ ಪ್ರಾಣಿಯ ಮೈ ಬೆಳ್ಳಗೆ ಎದ್ದು ಕಾಣುತ್ತದೆ. ಕಾರ್ತಿಕ, ಮಾರ್ಗಶಿರದ ಮಂಜಿನಲ್ಲಿ ರಾಗಿ ಹೊಲಕ್ಕೆ ಹಂದಿ ನುಗ್ಗಿದೆಯೇ, ಆನೆಯ ಹಿಂಡು ಕೆರೆಯಂಗಳದಲ್ಲಿದೆಯೇ ಎಂದು ದೂರದಿಂದ ಪತ್ತೆ ಮಾಡಲು ಇದಕ್ಕೆ ಸಮನಾದುದಿಲ್ಲ. ಆದರೆ ಗಾಜಿನ ಮೂಲಕ ಇದು ನೋಡಲಾರದು. ಜೀಪಿನ ಕಿಟಕಿ ಇಳಿಸಿಯೇ ನೋಡಬೇಕು. ಮುಖದ ಗುರುತೂ ಸಿಗದು. ಬಂದವನು ಪಕ್ಕದ ಹೊಲದವನೋ ಕಳ್ಳನೋ ಎಂದು ಹೇಳುವುದು ಕಷ್ಟ.

ಮೂರನೆಯದು ಬಿಂಬವರ್ಧಕ ಕೊಳವೆಯ ದರ್ಶಕ. ಕತ್ತಲಲ್ಲಿ ದಾರಿ ನೋಡಿ ನಡೆಯಲು, ಬದು, ತಂತಿ, ಬಾವಿ, ಮರ ಎಲ್ಲವನ್ನೂ ಸಹಜ ರೂಪದಲ್ಲಿ ಕಾಣಲು ಇದು ಉತ್ತಮ. ಹಸಿರೆಲೆಗಳು ಅತಿಗೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಎಸೆಯುವುದರಿಂದ ಪೈರು ಬೆಳ್ಳಗೆ ಕಂಡು, ಅದರೆದುರು ಪ್ರಾಣಿ ಕಪ್ಪಾಗಿ ಕಾಣುತ್ತದೆ. ರಾತ್ರಿಯಿಡೀ ನಡೆದಾಡಿ ಆನೆಗಳ ಚಲನವಲನ ಗಮನಿಸುವ ಅರಣ್ಯ ಸಿಬ್ಬಂದಿಗೆ, ಹಲವು ಹಳ್ಳಿಗಳು ಸೇರಿ ನಡೆಸುವ ಕಾವಲು ತಂಡಕ್ಕೆ ಇದು ತಕ್ಕುದು. ಒಬ್ಬ ರೈತನ ಎರಡು ಎಕರೆಗೆ ಅಲ್ಲ.

ಕೊಳವೆ ಆರಿಸುವಾಗ ನೋಡಬೇಕಾದ ಅಂಶಗಳು

ಸಂಘವಾಗಿ ಕೊಳ್ಳುವುದೆಂದು ತೀರ್ಮಾನಿಸಿದರೆ ಮೊದಲು ಕೇಳಬೇಕಾದುದು ಕೊಳವೆಯ ಪರೀಕ್ಷಾ ಚೀಟಿ. ಒಳ್ಳೆಯ ತಯಾರಕರು ಪ್ರತಿಯೊಂದು ಕೊಳವೆಯನ್ನೂ ಪರೀಕ್ಷಿಸಿ, ಅದರ ಕ್ರಮ ಸಂಖ್ಯೆಯೊಡನೆ ಅಳತೆಗಳನ್ನು ಬರೆದು ಕೊಡುತ್ತಾರೆ. ಚೀಟಿಯ ಸಂಖ್ಯೆಯೂ ಕೊಳವೆಯ ಸಂಖ್ಯೆಯೂ ಒಂದೇ ಇರಬೇಕು. ಚೀಟಿ ಇಲ್ಲವೆಂದರೆ ಅದು ದೃಢೀಕರಣವಿಲ್ಲದ ಬೀಜದ ಚೀಲವಿದ್ದಂತೆ. ಚೀಟಿಯಲ್ಲಿ ಈ ಅಂಶಗಳನ್ನು ಗಮನಿಸಿ:

1. ಸಂಕೇತ ಮತ್ತು ಗದ್ದಲದ ಪ್ರಮಾಣ. ಇದನ್ನು ಕಾಳು ಮತ್ತು ಜೊಳ್ಳಿನ ಪ್ರಮಾಣವೆಂದು ತಿಳಿಯಿರಿ. ಪರದೆಯ ಮೇಲೆ ಮಿಣಮಿಣನೆ ಹಾರಾಡುವ ಚುಕ್ಕೆಗಳೇ ಜೊಳ್ಳು. ಈ ಸಂಖ್ಯೆ 20 ಇದ್ದರೆ ಸಾಧಾರಣ, 25 ದಾಟಿದರೆ ಒಳ್ಳೆಯದು. ಅಮಾವಾಸ್ಯೆಯ ಕತ್ತಲಲ್ಲಿ ಕಾವಲು ಕಾಯುವವರು ಮೊದಲು ನೋಡಬೇಕಾದುದು ಇದನ್ನೇ.

2. ಬಿಡಿಸಿ ತೋರಿಸುವ ಶಕ್ತಿ. ಒಂದು ಮಿಲಿಮೀಟರಿನಲ್ಲಿ ಎಷ್ಟು ಜೋಡಿ ಗೆರೆಗಳು ಬೇರೆ ಬೇರೆಯಾಗಿ ಕಾಣುತ್ತವೆ ಎಂಬ ಲೆಕ್ಕ. ಈಚಿನ ಒಳ್ಳೆಯ ಕೊಳವೆಗಳಲ್ಲಿ 64 ಅಥವಾ ಹೆಚ್ಚು. ಬೆಳದಿಂಗಳಿನಲ್ಲಿ ದೂರದ ವಸ್ತುವಿನ ವಿವರ ತಿಳಿಯಲು ಇದು ಮುಖ್ಯ.

3. ಗುಣಾಂಕ. ಮೇಲಿನ ಎರಡನ್ನೂ ಗುಣಿಸಿ ಬಂದ ಸಂಖ್ಯೆಯನ್ನು ಫಿಗರ್ ಆಫ್ ಮೆರಿಟ್ ಎನ್ನುತ್ತಾರೆ. 57ನ್ನು 20ರಿಂದ ಗುಣಿಸಿದರೆ 1140. 64ನ್ನು 25ರಿಂದ ಗುಣಿಸಿದರೆ 1600. ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು. ಆದರೆ ಗುಣಾಂಕ ಒಂದನ್ನೇ ನೋಡಿ ಮೋಸಹೋಗಬೇಡಿ. 80 ಮತ್ತು 20ರ ಗುಣಲಬ್ಧವೂ 1600, 64 ಮತ್ತು 25ರದೂ 1600. ಕಗ್ಗತ್ತಲಿಗೆ ಎರಡನೆಯದೇ ಮೇಲು.

4. ವರ್ಧನೆ. “ಐವತ್ತು ಸಾವಿರ ಪಟ್ಟು ಹಿಗ್ಗಿಸುತ್ತದೆ” ಎಂಬ ಮಾತಿಗೆ ಮರುಳಾಗಬೇಡಿ. ವರ್ಧನೆ ಹೆಚ್ಚಿದರೆ ಕಾಳಿನೊಡನೆ ಜೊಳ್ಳೂ ಹೆಚ್ಚುತ್ತದೆ. ರಾಶಿ ದೊಡ್ಡದಾಯಿತೆಂದು ಇಳುವರಿ ಹೆಚ್ಚಾಗುವುದಿಲ್ಲ. ವರ್ಧನೆಯನ್ನು ತಿರುಗಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿ ಇದ್ದರೆ ಅನುಕೂಲ.

5. ಹಿನ್ನೆಲೆಯ ಹೊಳಪು. ಮಸೂರವನ್ನು ಪೂರ್ತಿ ಮುಚ್ಚಿದಾಗಲೂ ಪರದೆ ಸ್ವಲ್ಪ ಬೆಳಗುತ್ತಿರುತ್ತದೆ. ಇದು ಕಡಿಮೆ ಇದ್ದಷ್ಟೂ ಒಳ್ಳೆಯದು. ಬಿಸಿ ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಚಳಿಗಾಲದಲ್ಲಿ ಚೆನ್ನಾಗಿ ಕಂಡ ಕೊಳವೆ ಏಪ್ರಿಲ್ ರಾತ್ರಿಯಲ್ಲಿ ಮಂಕಾಗಬಹುದು.

6. ಪ್ರಭಾವಳಿ ಮತ್ತು ಆಟೊಗೇಟಿಂಗ್. ದೀಪದ ಸುತ್ತ ಮೂಡುವ ಬೆಳಕಿನ ಬಳೆಯೇ ಪ್ರಭಾವಳಿ. ಇದು ಚಿಕ್ಕದಿರಬೇಕು. ಕೋಲಾರ, ಮುಳಬಾಗಿಲಿನ ಮೂಲಕ ಹೋಗುವ ಹೆದ್ದಾರಿಯ ಬದಿಯ ಹೊಲಗಳಲ್ಲಿ ಲಾರಿಗಳ ಬೆಳಕು ಬೀಳುತ್ತಲೇ ಇರುತ್ತದೆ. ಬೆಳಕು ಹೆಚ್ಚಾದಾಗ ತನ್ನಿಂದ ತಾನೇ ವಿದ್ಯುತ್ತನ್ನು ಕ್ಷಣಕ್ಷಣವೂ ಕಡಿದು ಕೊಡುವ ಆಟೊಗೇಟಿಂಗ್ ಏರ್ಪಾಡು ಅಂಥ ಕಡೆ ಅಗತ್ಯ.

7. ಆಯುಸ್ಸು. ಮೊದಲ ತಲೆಮಾರಿಗೆ ಸಾಮಾನ್ಯವಾಗಿ ಒಂದರಿಂದ ಎರಡು ಸಾವಿರ ಗಂಟೆ, ಮೂರನೆಯದಕ್ಕೆ ಸುಮಾರು ಹತ್ತು ಸಾವಿರ ಗಂಟೆ ಎಂದು ಹೇಳುತ್ತಾರೆ. ವರ್ಷಕ್ಕೆ ನೂರು ರಾತ್ರಿ, ರಾತ್ರಿಗೆ 6 ಗಂಟೆಯಂತೆ ಬಳಸಿದರೆ 600 ಗಂಟೆ. 1,500 ಗಂಟೆಯ ಕೊಳವೆ ಎರಡೂವರೆ ವರ್ಷಕ್ಕೆ ಮುಗಿಯಿತು; ಹತ್ತು ಸಾವಿರದ್ದು 16 ವರ್ಷ ಬರುತ್ತದೆ. ಬಳಸಿದ ಮಾಲನ್ನು ಕೊಳ್ಳುವಾಗ ಎಷ್ಟು ಗಂಟೆ ಓಡಿದೆ ಎಂದು ಕೇಳದೆ ಇರಬೇಡಿ.

8. ಮಸೂರ. ಕೊಳವೆ ಎಷ್ಟೇ ಒಳ್ಳೆಯದಾದರೂ ಮಸೂರ ಕಳಪೆಯಾದರೆ ಪ್ರಯೋಜನವಿಲ್ಲ. ಮಸೂರದ ಎಫ್ ಸಂಖ್ಯೆ 1.2ರ ಆಸುಪಾಸಿನಲ್ಲಿರಲಿ, ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು ಒಳಬರುತ್ತದೆ. ಐದಾರು ಪಟ್ಟು ದೊಡ್ಡದಾಗಿ ತೋರಿಸುವ ದರ್ಶಕದಲ್ಲಿ ನೋಟದ ಅಗಲ ಕುಗ್ಗುತ್ತದೆ. ನಡೆದಾಡಲು ಇದ್ದದ್ದನ್ನು ಇದ್ದಷ್ಟೇ ತೋರಿಸುವಂಥದೂ, ಅಟ್ಟಣೆಯಿಂದ ನೋಡಲು ಮೂರು ಪಟ್ಟಿನದೂ ಸಾಕು.

ಹಸಿರು ಪರದೆಯೋ ಬಿಳಿ ಪರದೆಯೋ ಎಂಬುದು ಬಹುಮಟ್ಟಿಗೆ ಕಣ್ಣಿನ ರೂಢಿಗೆ ಬಿಟ್ಟ ವಿಷಯ. ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಹೊಲದಲ್ಲೇ ಪರೀಕ್ಷಿಸಿ

ಅಂಗಡಿಯ ದೀಪದಡಿ ನೋಡಿ ಕೊಳ್ಳಬೇಡಿ. ಅಮಾವಾಸ್ಯೆಯ ಆಚೀಚೆ ಒಂದು ರಾತ್ರಿ ನಿಮ್ಮ ಹೊಲದಲ್ಲೇ ತೋರಿಸಲು ಹೇಳಿ. 50, 100 ಮತ್ತು 150 ಮೀಟರಿನಲ್ಲಿ ಗುರುತು ಹಾಕಿ. ಒಂದು ಕಡೆ ಎಮ್ಮೆಯನ್ನು ಕಟ್ಟಿ, ಇನ್ನೊಂದು ಕಡೆ ಕಪ್ಪು ಕಂಬಳಿ ಹೊದ್ದ ಒಬ್ಬರು, ಮತ್ತೊಂದು ಕಡೆ ಬಿಳಿ ಪಂಚೆಯ ಒಬ್ಬರು ನಿಲ್ಲಲಿ. ಅತಿಗೆಂಪು ದೀಪ ಆರಿಸಿ ಒಮ್ಮೆ, ಹಚ್ಚಿ ಒಮ್ಮೆ ನೋಡಿ. ಬಯಲಿನಲ್ಲಿ ನೋಡಿದ ಮೇಲೆ ನೀಲಗಿರಿ ಅಥವಾ ಮಾವಿನ ತೋಪಿನ ಅಂಚಿನಲ್ಲೂ ನೋಡಿ. ಏನೋ ಇದೆ ಎಂದು ತಿಳಿಯುವ ದೂರ ಬೇರೆ, ಅದು ಎಮ್ಮೆಯೋ ಆನೆಯೋ ಎಂದು ತಿಳಿಯುವ ದೂರ ಬೇರೆ. ಮಾರುವವರು ಹೇಳುವುದು ಮೊದಲನೆಯದನ್ನು. ನಿಮಗೆ ಬೇಕಾದದ್ದು ಎರಡನೆಯದು.

ಪರದೆಯನ್ನೂ ಗಮನಿಸಿ. ಅಂಚಿನಲ್ಲಿ ಒಂದೆರಡು ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅಡ್ಡಿಯಿಲ್ಲ. ನಟ್ಟನಡುವೆ ದೊಡ್ಡ ಚುಕ್ಕೆ ಇದ್ದರೆ ಬೇಡ. ಮುಚ್ಚಳ ಹಾಕಿದಾಗಲೂ ಒಂದೇ ಕಡೆ ಬೆಳಗುವ ಚುಕ್ಕೆ, ಒಂದು ಬದಿ ಮಬ್ಬಾಗಿರುವುದು, ಮಿಟುಕುವುದು—ಇವು ಕೆಟ್ಟ ಲಕ್ಷಣಗಳು. ಬೆಳಕಿನ ಕಡೆ ನೋಡಿದಾಗ ಜೇನುಗೂಡಿನಂಥ ಗೆರೆಗಳು ತೀರ ಎದ್ದು ಕಂಡರೆ ಅದೂ ದೋಷವೇ.

ಖರ್ಚಿನ ಲೆಕ್ಕ

ಎರಡು ಎಕರೆ ರಾಗಿ, ಎಕರೆಗೆ 12 ಕ್ವಿಂಟಾಲ್ ಇಳುವರಿ ಎಂದಿಟ್ಟುಕೊಳ್ಳಿ. 2025-26ನೆಯ ಸಾಲಿನ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿಯಂತೆ 24 ಕ್ವಿಂಟಾಲಿಗೆ 1,17,264 ರೂಪಾಯಿ. ಅದರಲ್ಲಿ ಮೂರನೆಯ ಒಂದು ಭಾಗ ಹಂದಿಯ ಪಾಲಾದರೆ ಸುಮಾರು 39,000 ರೂಪಾಯಿ ನಷ್ಟ. ಒಳ್ಳೆಯ ಕೊಳವೆಯ ದರ್ಶಕಕ್ಕೆ ಲಕ್ಷಗಟ್ಟಲೆ ಬೇಕು. ಒಬ್ಬ ರೈತನಿಗೆ ಈ ಲೆಕ್ಕ ಕೂಡಿ ಬರುವುದಿಲ್ಲ. ಆ ಹಣದ ಒಂದು ಪಾಲನ್ನು ಬೇಲಿ, ಒಳ್ಳೆಯ ಟಾರ್ಚು, ಗಮ್ ಬೂಟು ಮತ್ತು ಒಂದೆರಡು ಕ್ಯಾಮೆರಾಗಳಿಗೆ ಹಾಕಿದರೆ ಫಲ ಹೆಚ್ಚು.

ಅದೇ ಐವತ್ತು ಕುಟುಂಬಗಳು ಸೇರಿದರೆ ಮಾತು ಬೇರೆ. ನಷ್ಟ ಐವತ್ತು ಮನೆಯದು, ಖರ್ಚು ಐವತ್ತರಲ್ಲಿ ಒಂದು ಪಾಲು. ಸರದಿಯ ಮೇಲೆ ಕಾವಲು ಕಾಯುವ ಇಂಥ ತಂಡ ಮೊದಲು ಒಂದು ಥರ್ಮಲ್ ದರ್ಶಕ ಕೊಂಡು, ನಡೆದಾಡುವ ಅಗತ್ಯ ಬಿದ್ದರೆ ಮಾತ್ರ ಕೊಳವೆಯ ದರ್ಶಕವನ್ನು ಯೋಚಿಸಬಹುದು.

ಜೋಪಾನ

ಚಾಲೂ ಇರುವಾಗ ದರ್ಶಕವನ್ನು ಬಿಸಿಲಿಗೆ, ಗಾಡಿಯ ದೀಪಕ್ಕೆ ತಿರುಗಿಸಬಾರದು; ಲೇಪ ಸುಟ್ಟು ಶಾಶ್ವತವಾದ ಕಲೆ ಉಳಿಯುತ್ತದೆ. ಹಗಲಿನಲ್ಲಿ ಮುಚ್ಚಳ ಹಾಕಿಯೇ ಇಡಬೇಕು. ಕೆಳಗೆ ಬೀಳಿಸಬಾರದು. ಕಾಲ ಮುಗಿದ ಮೇಲೆ ಬ್ಯಾಟರಿ ತೆಗೆದು, ಒರಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಕೊಳವೆಗೆ ಸಾವಿರಾರು ವೋಲ್ಟಿನ ವಿದ್ಯುತ್ತು ಹೋಗುವುದರಿಂದ ಊರಿನ ರೇಡಿಯೋ ರಿಪೇರಿಯವರ ಕೈಗೆ ಕೊಟ್ಟು ಬಿಚ್ಚಿಸಬಾರದು. ಒಂಟಿ ಕಣ್ಣಿನ ದರ್ಶಕವಾದರೆ ಒಂದೇ ಕಣ್ಣಿಗೆ ಇಟ್ಟು ನೋಡಿ. ಇನ್ನೊಂದು ಕಣ್ಣು ಕತ್ತಲಿಗೆ ಹೊಂದಿಕೊಂಡೇ ಇರಲಿ.

ಪ್ರಾಣ ಮತ್ತು ಕಾನೂನು

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಯಾವ ರಾತ್ರಿ ದರ್ಶಕವೂ ನಿಮ್ಮನ್ನು ಹಾವಿನಿಂದ ಕಾಯುವುದಿಲ್ಲ. ಹಾವಿನ ಮೈ ನೆಲದಷ್ಟೇ ತಣ್ಣಗಿರುವುದರಿಂದ ಥರ್ಮಲ್ ದರ್ಶಕಕ್ಕೆ ಅದು ಬಹುಮಟ್ಟಿಗೆ ಕಾಣದು. ಕೊಳವೆಯ ಪರದೆಯಲ್ಲಿ ಬಣ್ಣವೂ ಆಳವೂ ತಿಳಿಯದ ಕಾರಣ ಬದುವಿನ ಮೇಲಿನ ಕೊಳಕುಮಂಡಲ ಒಣಗಿದ ಕಡ್ಡಿಯಂತೆಯೇ ಕಾಣಬಹುದು. ನೀರು ಕಟ್ಟಲು ಹೋಗುವಾಗ ಕಾಲಿಗೆ ಬೂಟು, ಕೈಯಲ್ಲಿ ಸಾಧಾರಣ ಟಾರ್ಚು, ಒಂದು ಕೋಲು ಇರಲೇಬೇಕು. ಕಚ್ಚಿದರೆ ಮಂತ್ರ, ನಾಟಿ ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಆನೆ ದೂರದಲ್ಲಿ ಕಂಡರೆ ಹತ್ತಿರ ಹೋಗಲು ದರ್ಶಕ ಧೈರ್ಯ ಕೊಡಬಾರದು. ದೂರ ಸರಿಯಲು ಹೊತ್ತು ಕೊಡಬೇಕು. ಓಟದಲ್ಲಿ ಮನುಷ್ಯ ಆನೆಯನ್ನು ಗೆಲ್ಲಲಾರ. ಅದು ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ನೋಡಿ, ಮುಂದಿನ ಹಳ್ಳಿಗೆ ತಿಳಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬೆಳೆ ಹಾನಿಯಾಗಿದ್ದರೆ ಚಿತ್ರಗಳೊಡನೆ ಪರಿಹಾರಕ್ಕೆ ಅರ್ಜಿ ಸಲ್ಲಿಸಿ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ಕಾಡುಪ್ರಾಣಿಯನ್ನು ಕೊಲ್ಲುವುದು ಅಪರಾಧ. ಕಾಡುಹಂದಿಯೂ ಇದಕ್ಕೆ ಹೊರತಲ್ಲ. ಆದ್ದರಿಂದ ಕೋವಿಗೆ ಜೋಡಿಸುವ ದರ್ಶಕದ ಗೋಜಿಗೆ ಹೋಗಬೇಡಿ. ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವುದು ಕಾನೂನಿಗೂ ವಿರುದ್ಧ, ಮನೆಯವರ ಪ್ರಾಣಕ್ಕೂ ಅಪಾಯ. ಇನ್ನೊಂದು ಎಚ್ಚರಿಕೆ: ಅಮೆರಿಕದಲ್ಲಿರುವ ಮಗನೋ ಅಳಿಯನೋ ಊರಿಗೆ ಬರುವಾಗ ಒಂದು ತರಲಿ ಎಂದು ಹೇಳಬೇಡಿ. ಒಳ್ಳೆಯ ಬಿಂಬವರ್ಧಕ ಕೊಳವೆಗಳನ್ನು ಪರವಾನಗಿ ಇಲ್ಲದೆ ಆ ದೇಶದಿಂದ ಹೊರಗೆ ಒಯ್ಯುವುದು ಅಲ್ಲಿ ಗಂಭೀರ ಅಪರಾಧ. ನಮ್ಮ ದೇಶದಿಂದ ಹೊರಗೆ ಕಳುಹಿಸಲೂ ಇಂಥದೇ ನಿಯಂತ್ರಣವಿದೆ. ಇಲ್ಲಿ ಕೊಳ್ಳುವಾಗಲೂ ರಸೀದಿ ಮತ್ತು ಕ್ರಮ ಸಂಖ್ಯೆಯನ್ನು ಜೋಪಾನವಾಗಿಡಿ.

ನೆನಪಿಡಬೇಕಾದ ಅಂಶಗಳು

* ಒಂದೇ ಕಡೆಯ ಕಾವಲಿಗೆ ಡಿಜಿಟಲ್ ಕ್ಯಾಮೆರಾ, ಪ್ರಾಣಿಯ ಪತ್ತೆಗೆ ಥರ್ಮಲ್, ಕತ್ತಲಲ್ಲಿ ನಡೆದಾಡಲು ಬಿಂಬವರ್ಧಕ ಕೊಳವೆ.
* ತಲೆಮಾರಿನ ಹೆಸರಿಗಿಂತ ಪರೀಕ್ಷಾ ಚೀಟಿ ಮುಖ್ಯ.
* ಕಗ್ಗತ್ತಲಿಗೆ ಸಂಕೇತ ಮತ್ತು ಗದ್ದಲದ ಪ್ರಮಾಣ ಹೆಚ್ಚಿರುವ ಕೊಳವೆಯನ್ನೇ ಆರಿಸಿ.
* ಅಮಾವಾಸ್ಯೆಯ ರಾತ್ರಿ, ನಿಮ್ಮ ಹೊಲದಲ್ಲಿ ಪರೀಕ್ಷಿಸದೆ ಹಣ ಕೊಡಬೇಡಿ.
* ದುಬಾರಿ ಸಾಧನವನ್ನು ಸಂಘವಾಗಿ ಕೊಳ್ಳಿ, ಒಬ್ಬರೇ ಸಾಲ ಮಾಡಿ ಕೊಳ್ಳಬೇಡಿ.
* ದರ್ಶಕ ಇರಲಿ ಬಿಡಲಿ. ಬೂಟು, ಟಾರ್ಚು, ಜೊತೆಗೊಬ್ಬರು ಇಲ್ಲದೆ ರಾತ್ರಿ ಹೊಲಕ್ಕೆ ಇಳಿಯಬೇಡಿ.

ಬರುವ ಸುಗ್ಗಿಗೆ ಮುನ್ನವೇ ಊರಿನವರು ಒಂದು ಸಂಜೆ ಸೇರಿ ಯಾವ ಹೊಲಕ್ಕೆ ಯಾವ ಕಾಟ, ಯಾವ ಕಡೆಯಿಂದ ಬರುತ್ತದೆ ಎಂಬುದರ ಒಂದು ನಕ್ಷೆ ಬರೆಯಿರಿ. ಅದರ ಮೇಲೆ ಕಾವಲಿನ ಸರದಿ ಹಾಕಿಕೊಳ್ಳಿ. ಸಾಧನದ ಆಯ್ಕೆ ಅಲ್ಲಿಂದ ಮುಂದಿನ ಮಾತು.